ಲೋಟದ ತಳದ ಎರಡು ಬೆರಳು

ಹಸಿರು ಬಟ್ಟೆ ಹಾಸಿದ ಮೇಜು. ಮೇಜಿನ ಮೇಲೆ ತಗಡಿನ ತಟ್ಟೆ, ತಟ್ಟೆಯಲ್ಲಿ ನಾಲ್ಕು ಗಾಜಿನ ಲೋಟ. ಪ್ರತಿ ಲೋಟದಲ್ಲೂ ಎರಡು ಬಣ್ಣ: ಮೇಲೆ ಚಹಾದ ಕೆಂಪು, ತಳದಲ್ಲಿ ಇನ್ನೂ ಕಲಕದ, ಮಂದವಾದ ಸಿಹಿ ಡಬ್ಬಿಹಾಲಿನ ಬಿಳುಪು. ಎರಡರ ನಡುವಿನ ಗೆರೆ ಅಲುಗದೆ ನಿಂತಿತ್ತು. ಕಿಟಕಿಯ ಬಿಸಿಲು ಒಂದು ಲೋಟವನ್ನು ಹಾದುಬಂದು ಅರ್ಜಿಯ ಹಾಳೆಗಳ ಮೇಲೆ ಜೇನುಬಣ್ಣದ ಬೊಟ್ಟೊಂದನ್ನು ಇಟ್ಟಿತ್ತು.

ಮಲೇಷ್ಯಾದ ಕೋತಾ ಭಾರುವಿನ ನಮ್ಮ ಸಂಶೋಧನಾ ಕಚೇರಿಯಲ್ಲಿ ಅಂದು ಸಂದರ್ಶನ. ಮಧುಮೇಹದ ಮೇಲೆ ಕೆಲಸ ಮಾಡುವ ಹೊಸ ಸಂಶೋಧಕರಿಗೆ ವರ್ಷಕ್ಕೊಮ್ಮೆ ಕೊಡುವ ಪ್ರಾಯೋಗಿಕ ಅನುದಾನಕ್ಕೆ ನಾವು ‘ಚೊಚ್ಚಲು’ ಎಂದು ಹೆಸರಿಟ್ಟಿದ್ದೆವು. ಡಾಕ್ಟರೇಟ್ ಪಡೆದು ಐದು ವರ್ಷ ತುಂಬುವವರೆಗೆ ಮಾತ್ರ ಮನುಷ್ಯ ಹೊಸಬ ಎಂಬುದು ನಿಯಮ. ಡಾಕ್ಟರ್ ನಿಕ್ ರೌಧಾಳ ಐದು ವರ್ಷ ಭಾನುವಾರಕ್ಕೆ ತುಂಬುವುದಿತ್ತು. ಅಂದು ಗುರುವಾರ, ನಮ್ಮಲ್ಲಿ ವಾರದ ಕೊನೆಯ ಕೆಲಸದ ದಿನ. ಎರಡು ಸಲ ಅವಳ ಅರ್ಜಿ ತಿರಸ್ಕೃತವಾಗಿತ್ತು. ಇದೂ ತಪ್ಪಿದರೆ ಸಂಶೋಧನೆಗೆ ಕೈಮುಗಿದು, ಜ್ವರ ಕೆಮ್ಮಿಗೆ ಚೀಟಿ ಬರೆಯಲು ಹಿಂತಿರುಗಬೇಕು.

ನಾನು ಅಲ್ಲಿನ ಗುಮಾಸ್ತ, ಎಲ್ಲರಿಗೂ ಪೊಕ್ ಹಿಮ್; ಹಿರಿಯರನ್ನು ನಮ್ಮಲ್ಲಿ ‘ಪೊಕ್’ ಎಂದು ಕರೆಯುತ್ತಾರೆ. ನಿವೃತ್ತನಾದ ಮೇಲೂ ಕಡತಗಳು ನನ್ನನ್ನು ಬಿಟ್ಟಿರಲಿಲ್ಲ. ನನ್ನ ಹೊಸತನ ಯಾವ ಭಾನುವಾರ ಮುಗಿಯಿತೆಂದು ಯಾರೂ ಪತ್ರ ಬರೆದು ತಿಳಿಸಿರಲಿಲ್ಲವಾದ್ದರಿಂದ, ಅವಳ ದಿನಾಂಕ ನನ್ನನ್ನು ವಿಚಿತ್ರವಾಗಿ ಕಾಡಿತ್ತು.

“ಪೊಕ್ ಹಿಮ್, ನನ್ನ ತಲೆವಸ್ತ್ರ ನೆಟ್ಟಗಿದ್ಯಾ?” ಎಂದು ಒಳಗೆ ಹೋಗುವ ಮುನ್ನ ರೌಧಾ ಕೇಳಿದ್ದಳು.

“ತಲೆವಸ್ತ್ರ ನೆಟ್ಟಗಿದೆ ಮಗಳೇ. ತಲೆ ಹೇಗಿದೆ?”

“ಅದೇ ತಿರುಗ್ತಾ ಇದೆ.”

ಒಳಗೆ ಆಯ್ಕೆ ಸಮಿತಿಯ ಮೂವರು, ಪಕ್ಕದಲ್ಲಿ ಕಡತ ಹಿಡಿದು ನಾನು. ಅಧ್ಯಕ್ಷೆ ಪ್ರೊಫೆಸರ್ ಜವಿಯಾ ಅರ್ಜಿಯನ್ನು ತಿರುವಿಹಾಕಿದರು. “ಊರಿನ ಸಕ್ಕರೆ ಕಾಯಿಲೆಯವರೆಲ್ಲ ‘ಸಿಹಿ ಕಡಿಮೆ’ ಚಹಾನೇ ಕುಡೀತಾರೆ, ಆದ್ರೂ ರಕ್ತದ ಸಕ್ಕರೆ ಯಾಕೆ ಇಳಿಯಲ್ಲ. ಪ್ರಶ್ನೆ ಚೆನ್ನಾಗಿದೆ. ಪೂರ್ವಭಾವಿ ಮಾಹಿತಿ ಎಲ್ಲಮ್ಮ?”

“ಅದನ್ನ ಕಲೆಹಾಕೋಕೇ ಅಲ್ವಾ ಪ್ರೊಫೆಸರ್, ಈ ಅನುದಾನ?”

“ಆದ್ರೂ ಒಂದಿಷ್ಟು ಇರ್ಬೇಕು.”

“ಅನುದಾನ ಬೇಕಾದ್ರೆ ಮಾಹಿತಿ, ಮಾಹಿತಿ ಬೇಕಾದ್ರೆ ಅನುದಾನ...”

“ನಾವೂ ಹಾಗೇ ಸುತ್ತಿ ಸುತ್ತಿ ಬಂದೋರು” ಎಂದರು ಇನ್ನೊಬ್ಬ ಸದಸ್ಯರು, ಹಳೆಯ ಗಾಯವನ್ನು ಸವರಿಕೊಂಡವರಂತೆ.

ಆಗಲೇ ಆ ತಟ್ಟೆ ಬಂದದ್ದು. ತಂದವನು ಪೊಕ್ ಲೆಹ್, ಮೂವತ್ತು ವರ್ಷದಿಂದ ನಮ್ಮ ಗೇಟಿನ ಬಳಿ ಚಹಾ ಮಾಡುವವನು. ತಟ್ಟೆ ಇಟ್ಟು ಅಲ್ಲೇ ನಿಂತ.

“ಲೋಟ ತಗೊಂಡೇ ಹೋಗೋದು. ಹೋದ ತಿಂಗಳು ಕೊಟ್ಟಿದ್ರಲ್ಲಿ ಎರಡು ನಿಮ್ಮ ಮೇಜಿನ ಮೇಲೆ ಪೆನ್ನು ಹೊತ್ಕೊಂಡು ಕೂತಿವೆ.” ಬೆರಳು ಮಾಡಿ ತೋರಿಸಿದ. “ದೊಡ್ಡೋರಿಗೆ ಮೂರು ಸಿಹಿ ಕಡಿಮೆ. ಈ ಮಾಮೂಲಿದು ಪೊಕ್ ಹಿಮ್‌ದು. ಇವ್ನು ಸುಧಾರಿಸೋ ಪೈಕಿ ಅಲ್ಲ.”

“ಛೆ ಪೊಕ್ ಹಿಮ್! ನಿಮಗೂ ಸಕ್ಕರೆ ಕಾಯಿಲೆ ಅಲ್ವಾ? ಸಂಯಮ ಬೇಡ್ವಾ?” ಎಂದರು ಜವಿಯಾ.

ನಾನು ನಾಚಿ ಚಮಚಕ್ಕೆ ಕೈಚಾಚಿದೆ. ರೌಧಾ ನನ್ನ ಮಣಿಕಟ್ಟು ಹಿಡಿದಳು.

“ಯಾರೂ ಕಲಕಬೇಡಿ!”

ಅವಳು ಸದಾ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಓಡುವವಳು. ಲೋಟದ ತಳ ನೋಡುವಷ್ಟು ಹೊತ್ತು ನಿಂತವಳೇ ಅಲ್ಲ. ಈಗ ಮೇಜಿನ ಮಟ್ಟಕ್ಕೆ ಬಗ್ಗಿ, ನನ್ನ ಸ್ಕೇಲನ್ನು ಗಾಜಿಗೆ ಆನಿಸಿದಳು.

“ಪೊಕ್ ಹಿಮ್ ಅವರ ಹಾಲು ಒಂದೂವರೆ ಸೆಂಟಿಮೀಟರ್. ಪ್ರೊಫೆಸರ್, ನಿಮ್ಮದು... ಮೂರು.”

“ನನ್ನದು ಸಿಹಿ ಕಡಿಮೆ ಕಣಮ್ಮ! ಹನ್ನೊಂದು ವರ್ಷದಿಂದ!”

ಎಲ್ಲರೂ ಪೊಕ್ ಲೆಹ್‌ನತ್ತ ತಿರುಗಿದರು. ಅವನು ಎದೆಯುಬ್ಬಿಸಿದ.

“ಕಡಿಮೆನೇ! ಒಂದು ಚಮಚ ಸಕ್ಕರೆ ಕಮ್ಮಿ, ಅಲ್ಲಾಹನಾಣೆ. ಆದ್ರೆ ಚಹಾ ಸಪ್ಪೆ ಆಗ್ಬಾರ್ದಲ್ಲ? ಅದಕ್ಕೇ ಒಂದು ಬೆರಳು ಹಾಲು ಜಾಸ್ತಿ. ಕಾಯಿಲೆಯೋರು ಪಾಪ, ಅವ್ರಿಗೂ ನಾಲಿಗೆ ಇದೆ.”

“ಆ ಹಾಲೇ ಸಿಹಿ ಅಲ್ವೇನಪ್ಪ?”

“ಹಾಲು ಹಾಲೇ, ಸಕ್ಕರೆ ಸಕ್ಕರೆನೇ. ಓದಿದೋರಿಗೆ ಇದನ್ನೂ ಹೇಳ್ಕೊಡ್ಬೇಕಾ?”

ನಗು ಮೊದಲು ಯಾರ ಬಾಯಿಂದ ಜಾರಿತೋ ತಿಳಿಯದು. ಮರುಕ್ಷಣ ಇಡೀ ಕೋಣೆಯೇ ಕುದಿಯುವ ಕೆಟಲಿನಂತೆ ಕುಣಿಯುತ್ತಿತ್ತು. ಜವಿಯಾ ಕಣ್ಣೊರೆಸಿಕೊಂಡರು. “ನನ್ನ ಡಾಕ್ಟರು ನನ್ನನ್ನ ಸುಳ್ಳಿ ಅಂತಿದ್ರು! ಕದ್ದು ಮಿಠಾಯಿ ತಿಂತೀನಿ ಅಂತ!” ಆ ಕೋಣೆಯ ಏಕೈಕ ಸಂಯಮಿ ನಾನೇ ಎಂದು ಗೊತ್ತಾಗಿ ನನಗೆ ಬಿಕ್ಕಳಿಕೆ ಬಂತು.

“ಇದೇ ನನ್ನ ಪೂರ್ವಭಾವಿ ಮಾಹಿತಿ. ನಾಲ್ಕು ಲೋಟ” ಎಂದಳು ರೌಧಾ.

“ಮಾದರಿ ಚಿಕ್ಕದು” ಎಂದರು ಸದಸ್ಯರು. “ಆದ್ರೆ ನಾನೇ ಅದರೊಳಗಿದ್ದೀನಲ್ಲ!”

“ಈಗೇನು ಮಾಡ್ತೀಯಮ್ಮ? ಹಾಲು ದಿಢೀರಂತ ತೆಗೆದ್ರೆ ನಾನೇ ಬೇರೆ ಅಂಗಡಿಗೆ ಹೋಗ್ತೀನಿ” ಎಂದರು ಜವಿಯಾ, ಸಾವರಿಸಿಕೊಂಡು.

“ವಾರಕ್ಕೆ ಒಂದೇ ಮಿಲಿಮೀಟರ್ ಇಳಿಸೋದು ಪ್ರೊಫೆಸರ್, ನಾಲಿಗೆಗೆ ಗೊತ್ತಾಗದ ಹಾಗೆ. ಆರು ತಿಂಗಳು.”

“ಚಹಾ ಮಾಡೋರು ಒಪ್ತಾರಾ? ಇವರೇ ಒಪ್ಪದಿದ್ರೆ ನಾನು ಸಹಿ ಹಾಕಲ್ಲ.”

ನಗು ಒಮ್ಮೆಗೇ ಇಂಗಿತು. ಪೊಕ್ ಲೆಹ್ ತಟ್ಟೆಗೆ ಕೈಹಾಕಿದ. “ನನ್ನದು ಕೈಯಳತೆ. ಸ್ಕೇಲು ಹಿಡ್ಕೊಂಡು ಹಾಲು ಹಾಕಿದ್ರೆ ಜನ ಉಗೀತಾರೆ ಡಾಕ್ಟ್ರಮ್ಮ.”

“ಅಳೆಯೋರ ಹೆಸರು ವರದಿಯಲ್ಲಿ ಬರತ್ತೆ, ಪೊಕ್ ಲೆಹ್.”

“ಏನಂತ?”

“ಸಂಶೋಧಕ ಅಂತ.”

“ಹಳಬನಾ, ಹೊಸಬನಾ?”

“ಹೊಚ್ಚ ಹೊಸಬ.”

ಅವನಿಗೆ ಅರವತ್ತನಾಲ್ಕು. ಒಂದು ಹಲ್ಲಿಲ್ಲದ ನಗು ಕಿವಿಯಿಂದ ಕಿವಿಗೆ ಹಬ್ಬಿತು. “ನನ್ನವಳು ನನ್ನನ್ನ ಹಳೇ ಕೆಟಲು ಅಂತಾಳೆ. ಆ ಸ್ಕೇಲು ಇಲ್ಲಿ ಕೊಡಿ.”

ಜವಿಯಾ ಸಹಿ ಹಾಕಿದರು. ನಾನು ಗುರುವಾರದ ಮೊಹರನ್ನು ಎರಡು ಸಲ ಒತ್ತಿದೆ, ಒಂದು ಸಾಕಿತ್ತು. ರೌಧಾ ಕುರ್ಚಿಯಲ್ಲಿ ಕುಸಿದು, ನನ್ನ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಳು.

ಪೊಕ್ ಲೆಹ್ ಯಾರೂ ಮುಟ್ಟದ ಮೂರು ಲೋಟಗಳನ್ನೂ, ಆ ಖಾಲಿ ಲೋಟವನ್ನೂ, ಜೊತೆಗೆ ಪೆನ್ನುಗಳನ್ನು ಮೇಜಿನ ಮೇಲೆ ಸುರಿದು ತನ್ನ ಹಳೆಯ ಎರಡನ್ನೂ ತಟ್ಟೆಗೇರಿಸಿಕೊಂಡ. ಜೇಬಿನಿಂದ ಸ್ಕೇಲು ಇಣುಕುತ್ತಿತ್ತು. ಪ್ರೊಫೆಸರರ ಗಂಭೀರ ನಡಿಗೆಯನ್ನು ಅಭ್ಯಾಸ ಮಾಡುತ್ತಾ ಹೊರಗೆ ಹೋದ. ಹಿಮ್ಮಡಿ ತಾಗಿ ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.