ಕರಟದ ಪುಡಿ

"ಮೂರನೇ ವಾಲ್ವ್ ಮುಚ್ಚಿದ್ಯಾ ನೋಡ್ಕೊಂಡ್ರಾ? ತೆರೆದಿದ್ರೆ ಪುಡಿಯೆಲ್ಲ ಇಂಜಿನ್ ಒಳಗೆ ಬೀಳುತ್ತೆ ರೀ," ಎಂದಳು ಅಕ್ಷತಾ.

ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಗಂಡ ಬಸವಪ್ರಭು ತಿರುಗಿಯೂ ನೋಡಲಿಲ್ಲ. "ಪಾಠ ಎಲ್ಲ ನಿನ್ನ ಕುಣಿಗಲ್ ಕಾಲೇಜಲ್ಲಿ ಇಟ್ಕೋ."

ಕಾರು ಅವಳದು, ಅವಳ ಸಂಬಳದ್ದು. ಈಚೆಗೆ ಎಳೆತ ಕಮ್ಮಿಯಾಗಿದೆ ಎಂದು ಬಾಯಿತಪ್ಪಿ ಅಂದಿದ್ದೇ ತಪ್ಪಾಯಿತು. ವಾಲ್ವಿಗೆ ಮಸಿ ಕಟ್ಟಿದೆ, ಮನೆಯಲ್ಲೇ ತೆಗೀತೀನಿ ಎಂದು ಹೊರಟ. ಹೊರದೇಶದಲ್ಲಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ಮಸಿ ಉದುರಿಸುವುದನ್ನು ಮೊಬೈಲಿನಲ್ಲಿ ನೋಡಿದ್ದ. ಕಡಬದಲ್ಲಿ ತೆಂಗಿನ ತೋಟ ಇಟ್ಟುಕೊಂಡವನಿಗೆ ಅಕ್ರೋಟ್ ಯಾಕೆ? ಕರಟವನ್ನೇ ಒರಳುಕಲ್ಲಲ್ಲಿ ಕುಟ್ಟಿ, ಜರಡಿ ಹಿಡಿದು, ಬಾಡಿಗೆಗೆ ಕಂಪ್ರೆಸರ್ ತಂದ. ಅಬ್ಬಬ್ಬಾ, ಏನು ಉತ್ಸಾಹ! ಬಚ್ಚಲ ನಲ್ಲಿ ವರ್ಷದಿಂದ ಸೋರುತ್ತಿದ್ದರೂ ವಾಷರ್ ಹಾಕದ ಮಹಾನುಭಾವ.

"ಗಂಡ್ಸು ಕೈ ಹಾಕವ್ನೆ, ಸುಮ್ಕಿರವ್ವ," ಎಂದರು ಬಾಗಿಲಲ್ಲಿ ಕೂತಿದ್ದ ಅತ್ತೆ ಕರಿಬಸಮ್ಮ.

ಅಕ್ಷತಾ ಕಾರಿನ ಬಾಗಿಲಿಗೆ ಒರಗಿ ನಿಂತಳು. ಕಾರಿಲ್ಲದ ಕಾಲದಲ್ಲಿ ಅವನು ತನ್ನ ಸ್ನಾನ, ಪೂಜೆ, ತಿಂಡಿ ಮುಗಿದ ಮೇಲೆಯೇ ಅವಳನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದ. ಸಂಜೆ ಅವನು ಬರುವವರೆಗೆ ಅಲ್ಲೇ ಕಂಬದಂತೆ ನಿಂತಿರಬೇಕು. ಕಾರು ಬಂದ ಮೇಲೆ ಕುಣಿಗಲ್ ಕೆರೆ ಏರಿಯ ಬಳಿ ನಿಲ್ಲಿಸಿ, ಗಾಜು ಇಳಿಸಿ, ಸ್ವಲ್ಪ ಹೊತ್ತು ಒಬ್ಬಳೇ ಕೂರುತ್ತಿದ್ದಳು. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. "ಯಾಕೆ ಲೇಟು?" ಎಂದು ಅವನು ಕೇಳದ ದಿನವಿರಲಿಲ್ಲ.

ಆ ಸಂಜೆ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ. ಬೀಸುಕಲ್ಲಿಗೆ ಮರಳು ಸಿಕ್ಕಂತೆ ಕರಕರ ಸದ್ದು. ಅಕ್ಷತಾ ಓಡಿ ಬಂದಳು. "ಆಫ್ ಮಾಡ್ರೀ!" ಎಂದು ಕಿರುಚಿದಳು. ಅವನು ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಇಂಜಿನ್ ತಾನೇ ನಿಂತಿತು.

ಮಾರನೆಯ ದಿನ ಮೆಕ್ಯಾನಿಕ್ ಅಂಜನಪ್ಪ ಬಂದು ಒಳಗೆ ಕ್ಯಾಮೆರಾ ಬಿಟ್ಟು ನೋಡಿದ. ಉಳಿದ ಪುಡಿಯನ್ನು ಬೆರಳಲ್ಲಿ ಉಜ್ಜಿದ. "ಒರಳಿನ ಕಲ್ಪುಡಿನೂ ಸೇರೈತಲ್ಲಣ್ಣ. ತೆರೆದಿದ್ದ ವಾಲ್ವಿಂದ ಒಳಕ್ಕೆ ಬಿದ್ದು ಸಿಲಿಂಡರೆಲ್ಲ ಗೀಚೋಗೈತೆ. ಇದನ್ನ ರಿಪೇರಿ ಮಾಡ್ಸೋ ಬದ್ಲು ಗುಜರಿಗೆ ಹಾಕ್ಬುಡಿ."

ಬಸವಪ್ರಭು ಕೈ ಒರೆಸಿಕೊಂಡ. ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲ. "ಹೋಗ್ಲಿ ಬಿಡು, ಹಳೇ ಗಾಡಿ. ನಾಳೆಯಿಂದ ನಾನೇ ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ ಕಣೇ. ಮೊದಲಿನ ಹಾಗೆ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು. ಅವನ ದನಿಯಲ್ಲಿದ್ದ ನೆಮ್ಮದಿಯನ್ನು ಕೇಳಿ ಅಕ್ಷತಾಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಅವನಿನ್ನೂ ಸ್ನಾನದಲ್ಲಿದ್ದ. "ಐದೇ ನಿಮಿಷ, ಬಂದೆ!" ಎಂದು ಒಳಗಿನಿಂದ ಕೂಗಿದ. ಅಕ್ಷತಾ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಗೇಟಿಗೆ ನಡೆದಳು. ಅಭ್ಯಾಸಬಲದಿಂದ ಬೆರಳು ಬ್ಯಾಗಿನೊಳಗಿದ್ದ ಕೀ ಒತ್ತಿತು. ಹಿಂದೆ ಕಾರು ಎಂದಿನಂತೆ ಕುಂಯ್ ಎಂದಿತು. ಎರಡೂ ದೀಪ ಮಿನುಗಿ ಆರಿದವು.