ಕರಿಕೋಟಿನ ಮುಂದೆ ಹೇಳಿದ ಹೆಸರು

ಆ ಕರಿಕೋಟನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಅಲ್ಲಗಳೆಯುವುದಿಲ್ಲ. ಬಸ್ಸು ಐದು ನಿಮಿಷ ತಡವಾದರೂ ಕಂಡಕ್ಟರನ ಜನ್ಮ ಜಾಲಾಡುವವಳು ನಾನು. ಆದರೆ ಆ ಸಿಟ್ಟು ಇಳಿದುಹೋಗುತ್ತಿತ್ತು. ಇದು ಇಳಿದಿಲ್ಲ.

ನಮ್ಮದು ವಾರಪತ್ರಿಕೆ. ದೊಡ್ಡ ಪತ್ರಿಕೆಗಳು ಮೂಸಿಯೂ ನೋಡದ ಸುದ್ದಿ ಹಾಕುವುದೇ ನಮ್ಮ ಕಸುಬು. ಟೈರ್ ಅಂಗಡಿಯ ಮೇಲೆ ಒಂದು ಕೋಣೆ, ಮೂರು ಕಂಪ್ಯೂಟರು, ಅರ್ಧಕ್ಕಿಂತ ಹೆಚ್ಚು ತೆರೆಯದ ಒಂದು ಕಿಟಕಿ. ಕೆಳಗೆ ಗಾಳಿ ತುಂಬುವ ಮಿಷನ್ ಶುರುವಾದರೆ ಮೇಲೆ ನಮ್ಮ ಮಾತು ಬಂದ್. ನಾವು ನಾಲ್ಕು ಜನ. ವರದಿ ಬರೆಯುವವಳು ನಾನು. ಪುಟ ಕಟ್ಟುವವಳಿಗೆ ನಾವಿಟ್ಟ ಹೆಸರು ಕತ್ತರಿ. ನಾನು ಇಷ್ಟಪಟ್ಟು ಬರೆದ ಸಾಲುಗಳನ್ನೇ ಹುಡುಕಿ ಹುಡುಕಿ ಕತ್ತರಿಸುತ್ತಾಳೆ. ವ್ಯಂಗ್ಯಚಿತ್ರ ಬರೆಯುವವನು ಗೆರೆ. ಪತ್ರಿಕೆ ಶುರು ಮಾಡಿದ ಸಂಪಾದಕರನ್ನು ದೊಡ್ಡಣ್ಣ ಅನ್ನುತ್ತಿದ್ದೆವು. ಈಗ ಅನ್ನುವುದಿಲ್ಲ.

ಪುಟ ಅಚ್ಚಿಗೆ ಹೋಗುವ ಮುಂಚೆ ನಮ್ಮಲ್ಲೊಂದು ಪದ್ಧತಿಯಿತ್ತು. ಯಾರೋ ವಕೀಲರು ಬಿಟ್ಟುಹೋದ ಕರಿಕೋಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಒಬ್ಬರು ಅದನ್ನು ತೊಟ್ಟು ಎದುರು ಪಾರ್ಟಿಯ ವಕೀಲರಾಗಬೇಕು, ವರದಿ ಬರೆದವರನ್ನು ಕೂರಿಸಿ ಬೆವರಿಳಿಸಬೇಕು. ನಿಯಮ ಎರಡೇ. ಕೋಟಿಗೆ ಸುಳ್ಳು ಹೇಳುವಂತಿಲ್ಲ. ಕೋಟಿಗೆ ಹೇಳಿದ್ದು ಬಾಗಿಲು ದಾಟುವಂತಿಲ್ಲ. ಸಾಮಾನ್ಯವಾಗಿ ಗೆರೆಯೇ ತೊಡುತ್ತಿದ್ದ. ಮೊಣಕೈಗೇ ಮುಗಿಯುವ ತೋಳು ಎಳೆದುಕೊಳ್ಳುತ್ತಾ, "ತಾವು ಆ ಚರಂಡಿ ಕಟ್ಟಿದ್ದನ್ನ ಖುದ್ದು ನೋಡಿದ್ರಾ ಮೇಡಂ, ಇಲ್ಲಾ ಚರಂಡಿನೇ ಬಂದು ಹೇಳ್ತಾ?" ಅಂತ ಮೂಗಿನಲ್ಲಿ ಕೇಳುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಗುನಗುತ್ತಲೇ ತಪ್ಪುಗಳೂ ಸಿಕ್ಕಿಬೀಳುತ್ತಿದ್ದವು. ಆರು ವರ್ಷದಲ್ಲಿ ನಮ್ಮ ಮೇಲೆ ಹಾಕಿದ ಒಂದು ಕೇಸೂ ನಿಂತಿರಲಿಲ್ಲ.

ನನ್ನ ಅಕ್ಕ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದಳು. ಆಸ್ಪತ್ರೆಗಳ ಬೆಡ್‌ಶೀಟು ಅಲ್ಲಿಗೇ ಬರುತ್ತಿತ್ತು. ಒತ್ತಡ ಹೆಚ್ಚಾದಾಗ ಬಾಯ್ಲರಿನಿಂದ ತಾನಾಗಿ ಉಗಿ ಹೊರಬಿಡುವ ವಾಲ್ವ್ ಒಂದಿರುತ್ತದೆ. ಪದೇ ಪದೇ ಕೆಲಸ ನಿಲ್ಲುತ್ತದೆಂದು ಅದಕ್ಕೆ ತಂತಿ ಬಿಗಿದು ಮುಚ್ಚಿಬಿಟ್ಟಿದ್ದರು, ಪಾಪಿಗಳು. ಉಗಿ ಪೈಪಿನ ಸಂದಿಯಿಂದ ನುಗ್ಗಿ ಮೂವರು ಹೆಂಗಸರನ್ನು ಸುಟ್ಟಿತು. ಲಾಂಡ್ರಿಯ ರಿಜಿಸ್ಟರಿನಲ್ಲಿ ಮೂವರ ಹೆಸರಿನ ಮುಂದೆಯೂ 'ಮನೆಯಲ್ಲಿ ಅಡುಗೆ ಮಾಡುವಾಗ' ಎಂದು ಬರೆದರು. ಆ ಪುಟದ ಫೋಟೋ ತೆಗೆದು ನನಗೆ ಕೊಟ್ಟವಳು ಅಕ್ಕ.

"ನನ್ನ ಹೆಸರು ಎಲ್ಲೂ ಬರಲ್ಲ ತಾನೇ?" ಮೂರು ಸಲ ಕೇಳಿದ್ದಳು.

"ತಲೆ ತಿನ್ಬೇಡ ಅಕ್ಕಾ. ನಾನಿದೀನಲ್ಲ."

ಮನೆ ನಡೆಯುತ್ತಿದ್ದುದು ಅವಳ ದುಡಿಮೆಯಿಂದ. ಅಮ್ಮನ ಮಾತ್ರೆ, ಬಾಡಿಗೆ, ನನ್ನ ಪತ್ರಿಕಾ ಆದರ್ಶ, ಎಲ್ಲವೂ.

ಗುರುವಾರ ಮಧ್ಯಾಹ್ನ ವರದಿ ಸಿದ್ಧವಾಯಿತು. ಎರಡು ವರ್ಷದಿಂದ ಕೋಟು ಮುಟ್ಟದ ದೊಡ್ಡಣ್ಣ ಅಂದು ತಾವಾಗಿ ಎದ್ದು ತೊಟ್ಟರು. ನಾನು ಹಿರಿಹಿರಿ ಹಿಗ್ಗಿದೆ, ದಡ್ಡಿ.

"ಫೋಟೋ ತೆಗೆದವರು ಯಾರು?"

"ಒಳಗಿನವರು."

"ಒಳಗೆ ಇನ್ನೂರು ಜನ ಇದಾರೆ. ಪುಟಾನ ನೀನೇ ಬರ್ಕೊಂಡಿದ್ದೀಯ ಅಂತೀನಿ ನಾನು."

"ಬರ್ಕೊಂಡಿಲ್ಲ."

"ಮತ್ತೆ ಹೇಳೋಕೆ ಯಾಕೆ ತಡವರಿಸ್ತೀಯ? ಕಟ್ಟುಕತೆ ಅಲ್ವಾ?"

ಕಟ್ಟುಕತೆ! ನಾಲ್ಕು ವಾರ ಅಲೆದು ಮಾಡಿದ ಕೆಲಸ. ಸಿಟ್ಟು ನೆತ್ತಿಗೇರಿತು. "ನನ್ನ ಅಕ್ಕ ತೆಗೆದಿದ್ದು! ಒಡಹುಟ್ಟಿದ ಅಕ್ಕ! ಸಾಕಾ?"

"ಸಾಕು," ಅಂದರು. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ಗೆರೆ ಚಪ್ಪಾಳೆ ತಟ್ಟಿದ. ಗೆದ್ದೆನೆಂದು ನಾನೂ ಬೀಗಿದೆ.

ಮರುದಿನ ಬೆಳಿಗ್ಗೆ ಅಕ್ಕ ಲಾಂಡ್ರಿಯೊಳಗೆ ಚಪ್ಪಲಿ ಕಳಚಿಡುತ್ತಿದ್ದಂತೆ ಅವಳನ್ನು ಗೇಟಿನಾಚೆ ಕಳಿಸಿದರು. ಮ್ಯಾನೇಜರು ಹೊರಗೆ ಬಂದು, "ಫೋಟೋ ಚೆನ್ನಾಗಿ ಬಂದಿದೆ ಅಂತ ನಿನ್ನ ತಂಗಿಗೆ ಹೇಳಮ್ಮ, ಇನ್ಮೇಲೆ ನೀನು ಬರೋದು ಬೇಡ," ಅಂದನಂತೆ. ಹನ್ನೊಂದು ವರ್ಷ ದುಡಿದವಳಿಗೆ ಒಳಗಿದ್ದ ಚಪ್ಪಲಿ ತರಲೂ ಬಿಡಲಿಲ್ಲ.

ನಾನು ಆಫೀಸಿನ ಮೆಟ್ಟಿಲು ಎರಡೆರಡಾಗಿ ಹತ್ತಿದೆ. ದೊಡ್ಡಣ್ಣ ಟೀ ಕುಡಿಯುತ್ತಿದ್ದರು.

"ಮಾಲೀಕರ ಪ್ರತಿಕ್ರಿಯೆ ಕೇಳೋದು ನಮ್ಮ ಧರ್ಮ ಅಲ್ವಾ? ಫೋನ್ ಮಾಡ್ದೆ. ಮಾತಿಗೆ ಮಾತು ಬಂತು..."

"ಮಾತಿಗೆ ಮಾತು ಬಂದ್ರೆ ನನ್ನ ಅಕ್ಕನ ಹೆಸರು ಬರುತ್ತಾ? ಹೊಟ್ಟೆಗೆ ಏನ್ ತಿಂತೀರ ನೀವು?"

ಕತ್ತರಿ ಕಂಪ್ಯೂಟರಿನ ಹಿಂದಿನಿಂದ ನಿಧಾನವಾಗಿ ಬಾಯಿಬಿಟ್ಟಳು. "ಕೊನೇ ಪುಟ ಆರು ವಾರ ಖಾಲಿ ಇಡು ಅಂದಿದ್ರು ನಂಗೆ. ಜಾಹೀರಾತು ಬರುತ್ತೆ ಅಂತ. ಯಾರದ್ದು ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು ಕಣೇ. ಆ ಲಾಂಡ್ರಿದು."

ಕೆಳಗೆ ಗಾಳಿ ಮಿಷನ್ ಶುರುವಾಯಿತು. ಅದು ನಿಲ್ಲುವಷ್ಟರಲ್ಲಿ ದೊಡ್ಡಣ್ಣ ಟೀ ಮುಗಿಸಿದ್ದರು.

"ಪತ್ರಿಕೆ ಉಳೀಬೇಕಲ್ವಾ ಮಗು?"

"ಮಗು ಗಿಗು ಅಂದ್ರೆ ನೆಟ್ಟಗಿರಲ್ಲ!"

"ಆ ವರದಿ ಈ ವಾರ ಬೇಡ," ಎಂದು ಲೋಟ ಇಟ್ಟು, ಯಾರನ್ನೋ ನೋಡಬೇಕೆಂದು ಹೊರಟೇಹೋದರು.

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ನಾನು ಒಂದೇ ಸಮನೆ ಅವರಿಗೆ ಶಾಪ ಹಾಕಿದೆ. ಮೋಸಗಾರ, ಮುಖವಾಡ, ನಂಬಿಕೆದ್ರೋಹಿ. ಅವಳು ಕೇಳುವಷ್ಟು ಕೇಳಿದಳು.

"ಆಯಪ್ಪ ಯಾರೇ? ನಾನು ಮುಖಾನೂ ನೋಡಿಲ್ಲ. ನಾನು ನಂಬಿದ್ದು ನಿನ್ನ. ಹೆಸರು ಹೇಳಿದ್ದು ಯಾರು?"

"ನಾನೇ. ಅದು... ನಮ್ಮಲ್ಲೊಂದು ಆಟ ಇದೆ ಅಕ್ಕಾ, ಕೋಟು ಹಾಕ್ಕೊಂಡು..."

"ಆಟದಲ್ಲಿ ಹೇಳ್ದೆ?" ಅಕ್ಕ ನಕ್ಕಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮ ಒಳಗಿನಿಂದ ಏನಾಯಿತೆಂದು ಕೂಗಿ ಕೇಳಿದರು. ಏನಿಲ್ಲವೆಂದು ಇಬ್ಬರೂ ಒಟ್ಟಿಗೇ ಅಂದೆವು.

"ವರದಿ ಹಾಕು," ಅಂದಳು ಆಮೇಲೆ. "ತಂತಿ ಇನ್ನೂ ಹಾಗೇ ಇದೆ, ಒಳಗೆ ನಮ್ಮ ಹೆಂಗಸ್ರು ಕೆಲಸ ಮಾಡ್ತಿದಾರೆ. ನನ್ನ ಕೆಲಸ ಹೇಗೆ ಹೋಯ್ತು ಅನ್ನೋದೂ ಬರಿ. ಊರವರ ಬಗ್ಗೆ ಎಲ್ಲಾ ಬರೀತೀಯಲ್ಲ, ನಿನ್ನ ಬಗ್ಗೆನೂ ಬರಿ."

ಅಚ್ಚಿಗೆ ಪುಟ ಕಳಿಸುವ ಪಾಸ್‌ವರ್ಡ್ ಕತ್ತರಿಯ ಬಳಿ ಇತ್ತು. ಅವತ್ತೇ ಸಂಜೆಯೊಳಗೆ ಮೂವರೂ ಸೇರಿ, ಜಾಹೀರಾತಿಗೆಂದು ಇಟ್ಟಿದ್ದ ಕೊನೇ ಪುಟದಲ್ಲೇ ವರದಿ ಕೂರಿಸಿದೆವು. ಸಂಪಾದಕರ ಬಗ್ಗೆ ನಾನು ನಾಲ್ಕು ಪ್ಯಾರಾ ಬರೆದಿದ್ದೆ. ಕತ್ತರಿ ಓದಿ ಮೂರನ್ನು ಹಾರಿಸಿದಳು.

"ಅವರಿಗೆ ನಾಲ್ಕು ಪ್ಯಾರಾ, ನಿಂಗೆ ಸೊನ್ನೆನಾ?"

ನಾನು ಕೂಗಾಡಿದೆ. ಗೆರೆ ಅಂದು ಒಂದೂ ಜೋಕು ಹೇಳಲಿಲ್ಲ, ನನ್ನ ಕುರ್ಚಿಯನ್ನು ಮೇಜಿನ ಹತ್ತಿರ ತಳ್ಳಿದ, ಅಷ್ಟೇ. ಕೂತು ಬರೆದೆ.

ಶನಿವಾರ ಪತ್ರಿಕೆ ಹೊರಬಿತ್ತು. ಸಂಪಾದಕರು ಫೋನಿನಲ್ಲಿ ಕಿರುಚಿ ಮೂವರನ್ನೂ ಕೆಲಸದಿಂದ ತೆಗೆದರು. "ನಾವೇ ಬಿಟ್ವಿ, ಹೋಗ್ರೀ!" ಎಂದು ಫೋನಿಟ್ಟೆ. ಸೋಮವಾರ ಸರ್ಕಾರದ ಇನ್ಸ್‌ಪೆಕ್ಟರು ಲಾಂಡ್ರಿಗೆ ಹೋಗಿ ತಂತಿ ಬಿಚ್ಚಿಸಿದರೆಂದು ಸುದ್ದಿ ಬಂತು. ಅಕ್ಕನನ್ನು ಯಾರೂ ವಾಪಸು ಕರೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಪತ್ರಿಕೆ ಕೈಗೆತ್ತಿಕೊಂಡು ನಿಂತಲ್ಲೇ ಪೂರ್ತಿ ಓದಿದಳು. ಕೊನೆಯ ಪ್ಯಾರಾಕ್ಕೆ ಬಂದು ನಿಂತಳು.

"'ಬಾಯಿತಪ್ಪಿ ಹೇಳಿದೆ' ಅಂತ ಬರೆದಿದ್ದೀಯ."

"ಹೂಂ."

"ಬಾಯಿತಪ್ಪಿ ಅಲ್ಲ. ಗೆಲ್ಲೋಕೆ ಹೇಳ್ದೆ."

ಅವಳು ಪತ್ರಿಕೆಯನ್ನು ನನ್ನ ಮಡಿಲಲ್ಲಿಟ್ಟು, ನನ್ನ ಚಪ್ಪಲಿ ಮೆಟ್ಟಿಕೊಂಡು ಕೆಲಸ ಹುಡುಕಲು ಹೊರಟಳು.