ಚೇಂಬರಿನಲ್ಲಿ ಆಡಿದ ಮಾತು

ಬೇಗೂರಿನ ಚಿಕ್ಕಮಲ್ಲಮ್ಮನ ಹೊಲಕ್ಕೆ ಗಾಡಿ ಹೋಗಬೇಕಾದರೆ ಪಕ್ಕದ ಕುಮಾರಸ್ವಾಮಿಯ ಹೊಲದ ಅಂಚನ್ನೇ ಹಾಯಬೇಕು. ಚಾಮರಾಜನಗರದಲ್ಲಿ ಮೇಷ್ಟರಾಗಿದ್ದ ಕುಮಾರಸ್ವಾಮಿ ಆ ಅಂಚಿಗೆ ತಂತಿಬೇಲಿ ಬಿಗಿದ. ಒಂದು ವರ್ಷದ ಅರಿಸಿನವನ್ನೆಲ್ಲ ತಲೆಯ ಮೇಲೆ ಹೊತ್ತು ಸಾಗಿಸಿದ ಚಿಕ್ಕಮಲ್ಲಮ್ಮ, ದಾರಿಯ ಹಕ್ಕಿಗಾಗಿ ತಾಲ್ಲೂಕು ಕೋರ್ಟಿಗೆ ಹೋದಳು.

ಅಲ್ಲಿನ ಜಡ್ಜು ಸಾಹೇಬರಿಗೆ ರಾಜಿ ಮಾಡಿಸುವ ಹುಚ್ಚು. ವಕೀಲರನ್ನು ಹೊರಗಿಟ್ಟು, ಇಬ್ಬರನ್ನೂ ಒಬ್ಬೊಬ್ಬರಾಗಿ ಚೇಂಬರಿಗೆ ಕರೆದರು.

"ಇಲ್ಲಿ ನಾನು ಜಡ್ಜಲ್ಲಮ್ಮ, ನಿಮ್ಮಣ್ಣ ಅಂದ್ಕೊಳ್ಳಿ. ಆಡಿದ್ದು ಈ ಬಾಗಿಲು ದಾಟಲ್ಲ," ಎಂದು ಕಾಫಿ ಬೇರೆ ತರಿಸಿದರು.

ಚಿಕ್ಕಮಲ್ಲಮ್ಮ ಕರಗಿಹೋದಳು. "ನಮ್ಮೆಜಮಾನ್ರು ಈ ಮೇಷ್ಟ್ರ ಅಪ್ಪನ್ನ ಒಂದ್ ಮಾತು ಕೇಳ್ಬುಟ್ಟೇ ಗಾಡಿ ಓಡುಸ್ತಿದ್ರು ಬುದ್ದಿ," ಎಂದಳು.

ಕಾಲುದಾರಿಗೆ ಒಪ್ಪಿಕೋ ಎಂದರು ಅಣ್ಣ. ಗಾಡಿಯನ್ನೇನು ತಲೆ ಮೇಲೆ ಹೊರಲೇ ಎಂದಳು ತಂಗಿ. ರಾಜಿ ಮುರಿಯಿತು.

ಮುಂದೆ ವಿಚಾರಣೆಗೂ ಅವರೇ ಕುಳಿತರು. ಒಬ್ಬ ಸಾಕ್ಷಿಯೂ ಅಪ್ಪಣೆಯ ಮಾತೆತ್ತಲಿಲ್ಲ. ತೀರ್ಪಿನಲ್ಲಿ ಮಾತ್ರ, ವಾದಿಯ ಗಂಡ ಅನುಮತಿ ಪಡೆದೇ ಓಡಾಡುತ್ತಿದ್ದ, ಅಂಥ ದಾರಿಗೆ ಹಕ್ಕು ಹುಟ್ಟದು ಎಂದಿತ್ತು.

"ಇದನ್ನ ಯಾರು ಹೇಳಿದ್ರಮ್ಮ?" ಆಕೆಯ ವಕೀಲೆ ರೂಪಶ್ರೀ ಬೆರಗಾದಳು.

"ನಾನೇ ಕಣವ್ವ. ಬಾಗ್ಲು ದಾಟಲ್ಲ ಅಂದಿದ್ರು, ದಾಟ್ನಿಲ್ಲ. ಆವಯ್ಯನ ತಲೆ ಒಳೀಕ್ಕೋಗಿ ಕುಂತ್ಕತ್ತು!"

ಚಾಮರಾಜನಗರಕ್ಕೆ ಅಪೀಲು ಹೋಯಿತು. ವಾಯಿದೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಮಾರಸ್ವಾಮಿ ತಾನಾಗಿಯೇ ಹತ್ತಿರ ಬಂದ.

"ದೊಡ್ಡವ್ವ, ಅವತ್ತು ಒಳಗಡೆ ನಾನೂ ಹೇಳಿದ್ದೆ. ದಾರಿ ತಾತನ ಕಾಲದ್ದು, ಗಾಡಿ ಅಗಲ ಬಿಟ್ಕೊಡ್ತೀನಿ ಅಂತ. ಸುಮ್ನಿರಿ ಮೇಷ್ಟ್ರೇ, ಆಕೆ ಕಾಲುದಾರಿಗೇ ಒಪ್ತಾಳೆ ಅಂದ್ರು ಜಡ್ಜು."

ಚಿಕ್ಕಮಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. "ಆಗಾದ್ರೆ ಆವಯ್ಯಂಗೆ ನನ್ ಮಾತು ಗ್ಯಾನ ಇತ್ತು, ನಿನ್ ಮಾತು ಮರ್ತೋಯ್ತು! ಎಂಥಾ ಬುದ್ವಂತನಪ್ಪ! ಅದ್ಸರಿ, ತೀರ್ಪು ಓದೋವಾಗ ನಿನ್ ಬಾಯ್ಗೇನಾಗಿತ್ಲಾ?"

ಕುಮಾರಸ್ವಾಮಿ ನೆಲ ನೋಡಿದ. "ಗೆದ್ದಿದ್ನಲ್ಲ, ದೊಡ್ಡವ್ವ."

"ಊರ್ ಮಕ್ಳಿಗೆಲ್ಲ ನೀತಿಪಾಠ ಏಳೋನು ನೀನೇಯ?"

ಅಪೀಲಿನ ಜಡ್ಜು ಸಾಕ್ಷ್ಯದ ಹಾಳೆಗಳನ್ನೆಲ್ಲ ತಿರುವಿ ಹಾಕಿದರು. ಅನುಮತಿಯ ಮಾತು ಎಲ್ಲೂ ಸಿಗಲಿಲ್ಲ. ರಾಜಿಗೆ ಕೂತವರು ತೀರ್ಪಿಗೆ ಕೂರಬಾರದಿತ್ತು ಎಂದು ಹೇಳಿ, ಬೇರೆ ನ್ಯಾಯಾಧೀಶರ ಮುಂದೆ ಹೊಸದಾಗಿ ವಿಚಾರಣೆ ನಡೆಯಲಿ ಎಂದು ಆದೇಶಿಸಿದರು.

ಮತ್ತೆ ಐದಾರು ವರ್ಷ ಅಲೆಯುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಕೋರ್ಟಿನ ಮೆಟ್ಟಿಲಿಳಿಯುತ್ತಲೇ ಕುಮಾರಸ್ವಾಮಿ ಕೈಮುಗಿದ. "ನಾಳೆಯೇ ಬೇಲಿ ಕಿತ್ತಾಕ್ತೀನಿ, ನನ್ನ ಮಾತು ನಂಬಿ."

ಚಿಕ್ಕಮಲ್ಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾತ್ ನಂಬಿ ಕೆಟ್ಟಿದ್ದು ಸಾಕು. ಲಾಯರಮ್ಮ, ಒಂದ್ ಪೇಪರ್ ತಗೊ. ಈ ಮೇಷ್ಟ್ರು ಎಲ್ಲಾನೂ ಬರ್ದು ಸೈನ್ ಆಕ್ಲಿ."

ಅವನು ಬರೆಯತೊಡಗಿದ. ಆಕೆ ಪಕ್ಕದಲ್ಲೇ ನಿಂತು, ದಾರಿಯ ಅಗಲ ಎಷ್ಟು ಅಡಿ ಎಂದು ಅವನಿಂದ ಮೂರು ಸಲ ಓದಿಸಿದಳು.